ಸೋಸಿದ ನೀರಿಗೆ ಸೋತ ನಾರುಹುಳ

ನಾರುಹುಣ್ಣು ಹಿರಿಯರಿಗೆ ನೆನಪಿದ್ದೀತು. ಮೆಟ್ಟಿಲು ಬಾವಿಯ ನೀರಿನ ಸಣ್ಣ ಕೀಟದೊಳಗೆ ಇದರ ಮರಿ. ಕುಡಿದವರ ಮೈಯಲ್ಲಿ ಅದು ವರ್ಷ ಬೆಳೆದು, ಎರಡು ಮೊಳದಷ್ಟು ಉದ್ದವಾಗಿ, ಕಾಲಲ್ಲಿ ಬೊಕ್ಕೆ ಒಡೆದು ಹೊರಬರುತ್ತಿತ್ತು. ಜಗ್ಗಿದರೆ ತುಂಡಾಗಿ ಕೀವು. ಕಡ್ಡಿಗೆ ದಿನಕ್ಕಿಷ್ಟು ಸುತ್ತಿ ತೆಗೆಯೋ ಹೊತ್ತಿಗೆ ಬಿತ್ತನೆ ಹದ ಹೋಗೇಬಿಡ್ತು! ಉರಿ ತಾಳದೆ ಆ ಕಾಲನ್ನು ಬಾವಿಗೆ ಇಳಿಸಿದರೆ ಊರಿಗೆಲ್ಲ ಮರಿ ಹಂಚಿದ ಹಾಗೆ.

ಇದಕ್ಕೆ ಲಸಿಕೆಯಿಲ್ಲ, ಕೊಲ್ಲೋ ಗುಳಿಗೆಯೂ ಇಲ್ಲ. 1986ರಲ್ಲಿ ಜಗತ್ತಿನಲ್ಲಿ ಸುಮಾರು 35 ಲಕ್ಷ ಮಂದಿಗಿತ್ತು. ಕೈಪಂಪು ಬಂತು, ಮೆಟ್ಟಿಲು ಬಾವಿಗಳು ಸೇದೋ ಬಾವಿಗಳಾದವು, ನೀರಿಗೆ ಟೆಮೆಫಾಸ್ ಹಾಕಿದರು. ಆದರೂ ದೊಡ್ಡ ಕೆಲಸ ಮಾಡಿದ್ದು ಹೆಣ್ಣುಮಕ್ಕಳು ಕೊಡದ ಬಾಯಿಗೆ ಕಟ್ಟಿದ ಸೋಸೋ ಬಟ್ಟೆ ಅಂತಲೇ ನನ್ನೆಣಿಕೆ. ಭಾರತದ ಕೊನೆಯ ರೋಗಿ 1996ರಲ್ಲಿ, ರಾಜಸ್ಥಾನದಲ್ಲಿ.

2024ರಲ್ಲಿ ಇಡೀ ಜಗತ್ತಿಗೆ 15 ಮಂದಿ, ಎಲ್ಲ ಆಫ್ರಿಕಾದ ಚಾಡ್, ದಕ್ಷಿಣ ಸುಡಾನಿನವರು. ಚಾಡ್‌ನಲ್ಲಿ ನಾಯಿಗಳಿಗೂ ಹತ್ತಿದೆ. ಅದಕ್ಕೇ ಅಲ್ಲಿಯವರು ನಾಯಿ ಕಟ್ಟಿಹಾಕ್ತಾರೆ, ಮೀನಿನ ಕರುಳು ಹೂಳ್ತಾರೆ.