ಮೊಡವೆ ಹಾಗೂ ಚರ್ಮದ ಉರಿಯೂತದ ಶಮನ: ಸಾರ್ವಜನಿಕರಿಗೆ ಮಾಹಿತಿ

ಮೊಡವೆಯು ಸಾಂಕ್ರಾಮಿಕ ರೋಗವಲ್ಲ. ಅಶುಚಿತ್ವದ ಲಕ್ಷಣವೂ ಅಲ್ಲ. ಹದಿಹರೆಯದಲ್ಲಿ ಹಾರ್ಮೋನುಗಳ ಪ್ರಭಾವದಿಂದ ಎಣ್ಣೆಗ್ರಂಥಿಗಳು ಹೆಚ್ಚು ಜಿಡ್ಡನ್ನು ಸ್ರವಿಸುತ್ತವೆ. ಜಿಡ್ಡು ಹಾಗೂ ಸತ್ತ ಜೀವಕೋಶಗಳಿಂದ ರೋಮಕೂಪಗಳು ಮುಚ್ಚಿಕೊಂಡು, ಬ್ಯಾಕ್ಟೀರಿಯಾಗಳು ವೃದ್ಧಿಸಿ, ಚರ್ಮವು ಕೆಂಪಾಗಿ ಊದಿಕೊಳ್ಳುತ್ತದೆ. ಬಳ್ಳಾರಿ ನಗರ, ಸಿರುಗುಪ್ಪ ಹಾಗೂ ಕುರುಗೋಡು ಭಾಗದ ತೀವ್ರ ಬೇಸಿಗೆ, ಬೆವರು ಮತ್ತು ಧೂಳಿನಿಂದ ಈ ತೊಂದರೆ ಉಲ್ಬಣಿಸಬಹುದು.

ಮನೆಯಲ್ಲಿ ಅನುಸರಿಸಬೇಕಾದ ಕ್ರಮಗಳು:
1. ದಿನಕ್ಕೆ ಎರಡು ಬಾರಿ ಹಾಗೂ ಹೆಚ್ಚು ಬೆವರಿದಾಗ ಸೌಮ್ಯ ಸಾಬೂನಿನಿಂದ ಮುಖ ತೊಳೆಯುವುದು, ಒರಟಾಗಿ ಉಜ್ಜಬಾರದು.
2. ಉರಿ ಇದ್ದಲ್ಲಿ ತಣ್ಣೀರಿನಲ್ಲಿ ಅದ್ದಿದ ಶುಭ್ರ ಬಟ್ಟೆಯನ್ನು ಕೆಲವು ನಿಮಿಷ ಇಡುವುದು.
3. ಮೊಡವೆಗಳನ್ನು ಹಿಸುಕಬಾರದು, ಕಲೆ ಉಳಿಯುತ್ತದೆ.
4. ನಿಂಬೆರಸ, ಅಡುಗೆ ಸೋಡಾ, ಟೂತ್‌ಪೇಸ್ಟ್ ಹಚ್ಚಬಾರದು.
5. ಮೆಣಸಿನಕಾಯಿ ಬಿಡಿಸುವವರು ಕೈಗಳನ್ನು ಸಾಬೂನಿನಿಂದ ಚೆನ್ನಾಗಿ ತೊಳೆಯದೆ ಮುಖ ಮುಟ್ಟಬಾರದು.

ಸ್ಟೀರಾಯ್ಡ್ ಮುಲಾಮುಗಳ ಬಗ್ಗೆ ಎಚ್ಚರಿಕೆ:
ಬೀಟಾಮೆಥಾಸೋನ್, ಕ್ಲೋಬೆಟಾಸೋಲ್ ಮುಂತಾದ ಸ್ಟೀರಾಯ್ಡ್‌ಗಳಿರುವ ಮುಲಾಮುಗಳನ್ನು ಮುಖ ಬೆಳ್ಳಗಾಗಲೆಂದು ಬಳಸುವುದು ಅಪಾಯಕಾರಿ. ಇವು ರಕ್ತನಾಳಗಳನ್ನು ಸಂಕುಚಿತಗೊಳಿಸುವುದರಿಂದ ಆರಂಭದಲ್ಲಿ ಕೆಂಪು ಇಳಿದಂತೆ ಕಾಣುತ್ತದೆ. ಆದರೆ ನಿರಂತರ ಬಳಕೆಯಿಂದ ಚರ್ಮವು ತೆಳುವಾಗಿ, ಮೊಡವೆ ಹೆಚ್ಚುತ್ತದೆ. ನಿಲ್ಲಿಸಿದೊಡನೆ ಉರಿಯು ಮರುಕಳಿಸುವುದರಿಂದ ರೋಗಿಯು ಅದೇ ಮುಲಾಮಿಗೆ ಮರಳುತ್ತಾನೆ. ಈ ಕಾರಣ ಕೇಂದ್ರ ಸರ್ಕಾರವು 2018ರಲ್ಲಿ ಇಂತಹ ಹಲವು ಮುಲಾಮುಗಳನ್ನು ವೈದ್ಯರ ಚೀಟಿಯಿಲ್ಲದೆ ಮಾರಬಾರದ ಔಷಧಗಳ ಪಟ್ಟಿಗೆ ಸೇರಿಸಿದೆ. ಈಗಾಗಲೇ ಬಳಸುತ್ತಿರುವವರು ಆ ಟ್ಯೂಬನ್ನೇ ತಂದು ವೈದ್ಯರಿಗೆ ತೋರಿಸುವುದು.

ಚಿಕಿತ್ಸೆ:
ವೈದ್ಯರು ಸಾಮಾನ್ಯವಾಗಿ ಬೆಂಜಾಯಿಲ್ ಪೆರಾಕ್ಸೈಡ್ ಅಥವಾ ಅಡಾಪಲೀನ್ ಲೇಪನವನ್ನು ಸೂಚಿಸುತ್ತಾರೆ. ಪರಿಣಾಮ ಕಾಣಲು 6ರಿಂದ 12 ವಾರಗಳು ಬೇಕಾಗುವುದರಿಂದ ಮಧ್ಯದಲ್ಲಿ ನಿಲ್ಲಿಸಬಾರದು. ಐಸೊಟ್ರೆಟಿನಾಯಿನ್ ಮಾತ್ರೆಯು ಗರ್ಭಸ್ಥ ಶಿಶುವಿಗೆ ಗಂಭೀರ ಹಾನಿ ಮಾಡುವುದರಿಂದ ಗರ್ಭಿಣಿಯರು ಸೇವಿಸಲೇಬಾರದು. ಗರ್ಭಧಾರಣೆಯ ಸಾಧ್ಯತೆಯಿರುವವರು ಅದನ್ನು ವೈದ್ಯರಿಗೆ ಮೊದಲೇ ತಿಳಿಸತಕ್ಕದ್ದು.

ಎಲ್ಲಿ ಸಂಪರ್ಕಿಸಬೇಕು:
ಸಿರುಗುಪ್ಪ ಹಾಗೂ ಕುರುಗೋಡು ಭಾಗದವರು ಮೊದಲು ಸಮೀಪದ ಸರ್ಕಾರಿ ಆಸ್ಪತ್ರೆಯ ಹೊರರೋಗಿ ವಿಭಾಗದಲ್ಲಿ ಹೆಸರು ನೋಂದಾಯಿಸಿ, ಅಗತ್ಯವಿದ್ದಲ್ಲಿ ಚರ್ಮರೋಗ ತಜ್ಞರಿಗೆ ಶಿಫಾರಸು ಪತ್ರ ಪಡೆಯಬಹುದು. ಬಳ್ಳಾರಿಯಲ್ಲಿ ಹಿಂದೆ ವಿಮ್ಸ್ ಎಂದು ಹೆಸರಾಗಿದ್ದ ಸರ್ಕಾರಿ ವೈದ್ಯಕೀಯ ಕಾಲೇಜು ಆಸ್ಪತ್ರೆ ಇದೆ. ಹಳೆಯ ಚೀಟಿಗಳನ್ನೂ ಬಳಸುತ್ತಿರುವ ಔಷಧಗಳನ್ನೂ ಜೊತೆಯಲ್ಲಿ ತರುವುದು. ಜ್ವರ, ಕೀವು ತುಂಬಿದ ದೊಡ್ಡ ಗಂಟುಗಳು ಅಥವಾ ಕಣ್ಣಿನ ಸುತ್ತ ಊತ ಕಂಡುಬಂದಲ್ಲಿ ತಡಮಾಡದೆ ವೈದ್ಯರನ್ನು ಕಾಣತಕ್ಕದ್ದು.