ಆಟದ ಎಲೆಗಳಿಗೆ ಅಂಟಿಸಿದ ಪುರಾಣ

ಟ್ಯಾರೋ ಕಾರ್ಡುಗಳ ಬಗ್ಗೆ ಏನನ್ನೇ ಓದಲು ಹೊರಟರೂ ಮೊದಲ ಸಾಲಿನಲ್ಲೇ ಈಜಿಪ್ಟ್ ಎದುರಾಗುತ್ತದೆ. ಪಿರಮಿಡ್ಡುಗಳ ನಾಡಿನ ಪುರೋಹಿತರು ತಮ್ಮ ಗುಪ್ತಜ್ಞಾನವನ್ನೆಲ್ಲ 78 ಚಿತ್ರಗಳಲ್ಲಿ ಅಡಗಿಸಿಟ್ಟರು, ಅಲೆಮಾರಿಗಳು ಅದನ್ನು ಯುರೋಪಿಗೆ ಹೊತ್ತು ತಂದರು, ಚರ್ಚು ಅದನ್ನು ಹತ್ತಿಕ್ಕಲು ನೋಡಿತು ಎಂಬ ಕಥೆ ಭವಿಷ್ಯದ ಅಂಕಣಗಳಲ್ಲೂ ಯೂಟ್ಯೂಬಿನಲ್ಲೂ ಕಾರ್ಡಿನ ಪೆಟ್ಟಿಗೆಯೊಳಗಿನ ಪುಟ್ಟ ಕೈಪಿಡಿಯಲ್ಲೂ ಸಿಗುತ್ತದೆ. ಕಥೆ ಸೊಗಸಾಗಿದೆ, ಆದರೆ ಅದರ ಮೂರೂ ಕೊಂಡಿಗಳು ಸಡಿಲ. ಟ್ಯಾರೋ ಹುಟ್ಟಿದ್ದು 15ನೇ ಶತಮಾನದ ಉತ್ತರ ಇಟಲಿಯಲ್ಲಿ, ಇಸ್ಪೀಟಿನಂಥ ಒಂದು ಆಟವಾಗಿ. ಮುನ್ನೂರು ವರ್ಷ ಜನ ಅದನ್ನು ಆಡುತ್ತಲೇ ಇದ್ದರು. ಕಣಿ ಹೇಳುವ ಸಾಧನವಾಗಿ ಅದು ಹೆಸರು ಮಾಡಿದ್ದು ಫ್ರೆಂಚ್ ಕ್ರಾಂತಿಗೆ ಕೆಲವೇ ವರ್ಷ ಮೊದಲು.

ಕಾರ್ಡು ಹಾಕಿಸಿ ಕೇಳುವುದು, ಬಿಡುವುದು ಅವರವರ ಇಷ್ಟ. ಚರಿತ್ರೆಯನ್ನು ಹಾಗೆ ಇಷ್ಟಕ್ಕೆ ಬಿಡಲಾಗದು. ಈಜಿಪ್ಟಿನ ಕಥೆಯನ್ನು ಒಪ್ಪಿಕೊಂಡಾಗಲೆಲ್ಲ ಈ ಎಲೆಗಳನ್ನು ನಿಜವಾಗಿ ಬರೆದ ಚಿತ್ರಕಾರರೂ ಆಟವನ್ನು ಕಟ್ಟಿ ಬೆಳೆಸಿದ ಊರಿನವರೂ ಲೆಕ್ಕದಿಂದ ಜಾರಿಹೋಗುತ್ತಾರೆ. ನನ್ನನ್ನು ಕಾಡುವುದು ಅದು.

ಕಾಲು ಗಂಟೆಯಲ್ಲಿ ಹುಟ್ಟಿದ ಈಜಿಪ್ಟ್

ಈಜಿಪ್ಟಿನ ಮಾತನ್ನು ಮೊದಲು ಅಚ್ಚಿಗೆ ಹಾಕಿದವರು ಯಾರೆಂದು ನಮಗೆ ಗೊತ್ತಿದೆ. ಆತ ಪ್ಯಾರಿಸ್ಸಿನ ಆಂತ್ವಾನ್ ಕೂರ್ ದ ಜೆಬೆಲಾನ್, ಪ್ರೊಟೆಸ್ಟೆಂಟ್ ಪಾದ್ರಿ, ಫ್ರೀಮೇಸನ್, ದೊಡ್ಡ ಓದುಗ. ಜಗತ್ತಿನ ಎಲ್ಲ ನಾಗರಿಕತೆಗಳಿಗೂ ಒಂದೇ ಮೂಲವಿತ್ತು ಎಂದು ತೋರಿಸಲು ಆತ ಸಂಪುಟದ ಮೇಲೆ ಸಂಪುಟ ಬರೆದ. 1781ರಲ್ಲಿ ಬಂದ ಎಂಟನೆಯ ಸಂಪುಟದಲ್ಲಿ ಟ್ಯಾರೋ ಕುರಿತ ಪ್ರಬಂಧವಿದೆ. ಒಬ್ಬ ಮಹಿಳೆಯ ಮನೆಗೆ ಹೋದಾಗ ಅಲ್ಲಿ ಈ ಆಟ ನಡೆಯುತ್ತಿತ್ತಂತೆ. ಎಲೆಗಳನ್ನು ಕಂಡೊಡನೆ ಇವು ಈಜಿಪ್ಟಿನವೆಂದು ಹೊಳೆಯಿತಂತೆ, ಕಾಲು ಗಂಟೆಯಲ್ಲಿ ಎಲ್ಲವನ್ನೂ ಬಿಡಿಸಿ ಹೇಳಿದನಂತೆ. ಇದು ಆತನೇ ಬರೆದುಕೊಂಡ ವಿವರ. ಪುರಾವೆಯಾಗಿ ಒಂದು ಶಾಸನವಿಲ್ಲ, ಒಂದು ಸಮಾಧಿಯ ಚಿತ್ರವಿಲ್ಲ. ಇರುವಂತಿರಲಿಲ್ಲ ಕೂಡ. ಆಗಿನ್ನೂ ಈಜಿಪ್ಟಿನ ಚಿತ್ರಲಿಪಿಯನ್ನು ಓದಬಲ್ಲವರು ಭೂಮಿಯ ಮೇಲೆ ಯಾರೂ ಇರಲಿಲ್ಲ. ಶಾಂಪೋಲಿಯೋ ಅದನ್ನು ಬಿಡಿಸಿದ್ದು 1822ರಲ್ಲಿ. ಜೆಬೆಲಾನ್ 1784ರಲ್ಲೇ ತೀರಿಕೊಂಡಿದ್ದ. ಲಿಪಿ ಬಿಚ್ಚಿಕೊಂಡ ಮೇಲೆ ಸಿಕ್ಕ ಈಜಿಪ್ಟಿನ ಸಾಹಿತ್ಯದಲ್ಲಿ ಟ್ಯಾರೋವಿನ ಸುಳಿವೇ ಇಲ್ಲ.

ಅಷ್ಟು ಓದಿದವನಿಗೆ ಒಂದು ಇಸ್ಪೀಟು ಕಟ್ಟು ಅಷ್ಟೊಂದು ವಿಚಿತ್ರವಾಗಿ ಕಂಡದ್ದೇಕೆ? ಇದಕ್ಕೆ ಸರಳವಾದ ಕಾರಣವಿದೆ. 17ನೇ ಶತಮಾನದಲ್ಲಿ ಫ್ರಾನ್ಸಿನ ತುಂಬ ಜನಪ್ರಿಯವಾಗಿದ್ದ ಈ ಆಟ ಆ ವೇಳೆಗೆ ಪ್ಯಾರಿಸ್ಸಿನಲ್ಲಿ ಬಹುಮಟ್ಟಿಗೆ ಮರೆತುಹೋಗಿತ್ತು. ಪೂರ್ವದ ಪ್ರಾಂತಗಳಲ್ಲಿ, ಸ್ವಿಟ್ಜರ್ಲೆಂಡಿನಲ್ಲಿ, ಜರ್ಮನಿಯಲ್ಲಿ ಅದು ದಿನನಿತ್ಯದ ಆಟವಾಗಿಯೇ ಇತ್ತು. ಅಲ್ಲಿನ ಹೋಟೆಲಿನವನಿಗೆ ತೀರ ಸಾಮಾನ್ಯವಾಗಿದ್ದ ಎಲೆ ಪ್ಯಾರಿಸ್ಸಿನ ವಿದ್ವಾಂಸನಿಗೆ ಕಳೆದುಹೋದ ಶಾಸ್ತ್ರಗ್ರಂಥದಂತೆ ಕಂಡಿತು.

ಅವನ ವಿವರಣೆಯ ಮಾದರಿ ನೋಡಿ. ಒಂದು ಕಾಲಿಗೆ ಹಗ್ಗ ಕಟ್ಟಿ ತಲೆಕೆಳಗಾಗಿ ನೇತುಹಾಕಿದ ಮನುಷ್ಯನ ಎಲೆಯೊಂದಿದೆ. ಇದು ‘ವಿವೇಕ’ದ ಚಿತ್ರ, ಒಂಟಿಕಾಲಲ್ಲಿ ಎಚ್ಚರದಿಂದ ನಿಂತವನನ್ನು ದಡ್ಡ ಮುದ್ರಕ ತಿರುಗಿಸಿ ಅಚ್ಚು ಹಾಕಿದ್ದಾನೆ ಎಂದ ಜೆಬೆಲಾನ್. ಇಟಲಿಯವರನ್ನು ಕೇಳಿದ್ದರೆ ಬೇರೆ ಉತ್ತರ ಸಿಗುತ್ತಿತ್ತು. ಅಲ್ಲಿ ಆ ಎಲೆಯ ಹಳೆಯ ಹೆಸರು ‘ದ್ರೋಹಿ’. ನಂಬಿಕೆದ್ರೋಹ ಮಾಡಿದವರು ಕೈಗೆ ಸಿಗದಿದ್ದಾಗ ಅವರನ್ನು ಒಂದು ಕಾಲಿಗೆ ತೂಗುಹಾಕಿದಂತೆ ಊರಿನ ಗೋಡೆಗಳ ಮೇಲೆ ಚಿತ್ರ ಬರೆಸಿ ಮಾನ ಕಳೆಯುವುದು ಇಟಲಿಯ ನಗರಗಳಲ್ಲಿ ರೂಢಿಯಾಗಿದ್ದ ಶಿಕ್ಷೆ. ಮುಂದೆ ಮಿಲಾನಿನ ದೊರೆಯಾದ ಫ್ರಾನ್ಸೆಸ್ಕೊ ಸ್ಫೋರ್ಜಾನ ತಂದೆಯನ್ನೇ ರೋಮಿನಲ್ಲಿ ಹೀಗೆ ಬರೆಸಿ ಅವಮಾನಿಸಿದ್ದರು. ಆ ಕಾಲದ ಇಟಲಿಯವರಿಗೆ ಈ ಚಿತ್ರದಲ್ಲಿ ಒಗಟೇನೂ ಇರಲಿಲ್ಲ.

ಹಾಗಾದರೆ ಬಂದದ್ದೆಲ್ಲಿಂದ

ಈಜಿಪ್ಟಿನ ನಂಟು ಪೂರ್ತಿ ಇಲ್ಲವೆನ್ನುವಂತೆಯೂ ಇಲ್ಲ. ಇರುವ ನಂಟು ಫೇರೋಗಳ ಕಾಲದ್ದಲ್ಲ, ಮಾಮ್ಲೂಕ್ ಸುಲ್ತಾನರ ಕಾಲದ್ದು. ಇಸ್ತಾಂಬುಲಿನ ತೋಪ್ಕಾಪಿ ಅರಮನೆಯಲ್ಲಿ ಕೈಯಿಂದ ಚಿತ್ರಿಸಿದ ಮಾಮ್ಲೂಕ್ ಎಲೆಗಳ ಒಂದು ಕಟ್ಟು ಉಳಿದಿದೆ. ಅದರಲ್ಲಿ ನಾಲ್ಕು ರಂಗುಗಳು: ಬಟ್ಟಲು, ನಾಣ್ಯ, ಕತ್ತಿ ಮತ್ತು ಪೋಲೋ ಕೋಲು. ಪೋಲೋ ಆಡಿ ಗೊತ್ತಿಲ್ಲದ ಯುರೋಪಿನವರ ಕೈಯಲ್ಲಿ ಆ ಕೋಲು ದೊಣ್ಣೆಯಾಯಿತು. ಇಂದು ಟ್ಯಾರೋ ಓದುವವರು ಬೆಂಕಿಯ ತತ್ವವನ್ನು ಆರೋಪಿಸುವ ‘ದಂಡ’ದ ರಂಗು ಕುದುರೆ ಸವಾರರ ಆಟದ ಕೋಲು. ಈ ನಾಲ್ಕು ರಂಗಿನ ಎಲೆಗಳು 1370ರ ದಶಕದಲ್ಲಿ ಯುರೋಪಿಗೆ ಬಂದವು; 1377ರಲ್ಲಿ ಫ್ಲಾರೆನ್ಸ್ ನಗರ ಅವುಗಳ ಆಟಕ್ಕೆ ಕಡಿವಾಣ ಹಾಕಿದ ದಾಖಲೆಯಿದೆ. ಟ್ಯಾರೋದಿಂದ ಇಸ್ಪೀಟು ಹುಟ್ಟಿತು ಎನ್ನುವ ಮಾತನ್ನೂ ಇಲ್ಲೇ ಸರಿಪಡಿಸಬಹುದು, ಏಕೆಂದರೆ ಇಸ್ಪೀಟೇ ಹಿರಿಯದು. ಜೋಕರ್ ಕೂಡ ಟ್ಯಾರೋವಿನ ‘ಮರುಳ’ನ ವಂಶದವನಲ್ಲ, 1860ರ ದಶಕದ ಅಮೆರಿಕದಲ್ಲಿ ಯೂಕರ್ ಎಂಬ ಆಟಕ್ಕಾಗಿ ಸೇರಿಸಿದ ಎಲೆ ಅದು.

ಅಲೆಮಾರಿಗಳ ಕಥೆ ಬೀಳುವುದೂ ಇದೇ ಇಸವಿಗಳ ಮುಂದೆ. ರೋಮಾ ಜನ ಪಶ್ಚಿಮ ಯುರೋಪಿನಲ್ಲಿ ಕಾಣಿಸಿಕೊಂಡದ್ದು 15ನೇ ಶತಮಾನದ ಆರಂಭದಲ್ಲಿ, ಬೊಲೊನ್ಯಕ್ಕೆ 1422ರಲ್ಲಿ, ಪ್ಯಾರಿಸ್ಸಿಗೆ 1427ರಲ್ಲಿ. ಆ ವೇಳೆಗೆ ಅಲ್ಲಿ ಎಲೆಯಾಟ ಅರ್ಧ ಶತಮಾನ ಹಳತಾಗಿತ್ತು. ರೋಮಾ ಜನರು ಈಜಿಪ್ಟಿನವರೂ ಅಲ್ಲ. ಅವರ ಭಾಷೆ ನಮ್ಮ ಉತ್ತರ ಭಾರತದ ಭಾಷೆಗಳ ಬಳಗದ್ದು, ಅವರ ಪೂರ್ವಜರು ಈ ನೆಲದಿಂದ ಹೊರಟವರು. 1889ರಲ್ಲಿ ಪಪ್ಯೂಸ್ ಎಂಬಾತ ಪ್ಯಾರಿಸ್ಸಿನಲ್ಲಿ ಬರೆದ ಪುಸ್ತಕ ಟ್ಯಾರೋವನ್ನು ಅವರ ಹೆಸರಿಗೇ ಬರೆದುಕೊಟ್ಟಿತು. ಬಡತನದಿಂದ ಕಣಿ ಹೇಳಿದ ಒಂದು ಸಮುದಾಯಕ್ಕೆ ನಿಗೂಢತೆಯ ಬಣ್ಣ ಬಳಿದದ್ದು ಅವರಿಗೆ ಮಾಡಿದ ಉಪಕಾರವೇನಲ್ಲ. ಅದೇ ಬಣ್ಣವನ್ನು ಮುಂದಿಟ್ಟು ಅವರನ್ನು ಊರಿಂದ ಊರಿಗೆ ಅಟ್ಟಿದವರು ಬಹಳ.

ಇಟಲಿಯವರ ಹೊಸತನ ಇದ್ದದ್ದು ನಾಲ್ಕು ರಂಗಿನ ಮೇಲೆ ಐದನೆಯ ಸಾಲೊಂದನ್ನು ಸೇರಿಸಿದ್ದರಲ್ಲಿ. ಯಾವ ರಂಗಿಗೂ ಸೇರದ, ಎಲ್ಲವನ್ನೂ ಹೊಡೆಯುವ ಚಿತ್ರದೆಲೆಗಳು, ಅಂದರೆ ಕಾಯಂ ತುರುಪು. ಇವಕ್ಕೆ ‘ತ್ರಿಯೊಂಫಿ’, ವಿಜಯಗಳು, ಎಂದು ಹೆಸರು. ಫ್ಲಾರೆನ್ಸಿನ ಕಡೆಯ ಒಬ್ಬ ನೋಟರಿಯ ದಿನಚರಿಯಲ್ಲಿ 1440ರಲ್ಲೇ ಈ ಹೆಸರಿದೆ. 1442ರಲ್ಲಿ ಫೆರಾರಾದ ಎಸ್ತೆ ಅರಮನೆಯ ಲೆಕ್ಕಪುಸ್ತಕದಲ್ಲಿ ಬರುತ್ತದೆ. ‘ತಾರೋಕ್ಕಿ’ ಎಂಬ ಹೆಸರು ಕಾಣಿಸುವುದು 1505ರ ಸುಮಾರಿಗೆ. 1440ಕ್ಕೂ ಹಿಂದಿನದೆಂದು ತೋರಿಸುವ ‘ಆರನೇ ಚಾರ್ಲ್ಸ್ ದೊರೆಯ ಟ್ಯಾರೋ’ ಪ್ಯಾರಿಸ್ಸಿನ ರಾಷ್ಟ್ರೀಯ ಗ್ರಂಥಾಲಯದಲ್ಲಿದೆ. ಬುದ್ಧಿ ಕದಡಿದ್ದ ಆ ದೊರೆಗಾಗಿ 1392ರಲ್ಲಿ ಗ್ರೆಂಗೊನ್ಯೂರ್ ಎಂಬ ಚಿತ್ರಕಾರನಿಂದ ಮೂರು ಕಟ್ಟು ಎಲೆ ಕೊಂಡ ಲೆಕ್ಕವೊಂದು ಇರುವುದು ನಿಜ. ಆದರೆ ಗ್ರಂಥಾಲಯದ ಎಲೆಗಳು 15ನೇ ಶತಮಾನದ ಇಟಲಿಯವು. ಲೆಕ್ಕಕ್ಕೂ ಎಲೆಗೂ ಗಂಟು ಹಾಕಿದ್ದು ನಂತರದವರು.

ಈಗ ಉಳಿದಿರುವ ಅತಿ ಚೆಲುವಾದ ಕಟ್ಟು ಮಿಲಾನಿನ ವಿಸ್ಕೊಂತಿ–ಸ್ಫೋರ್ಜಾ ಮನೆತನದ್ದು. ಬೊನಿಫಾಚೊ ಬೆಂಬೊನ ಕೈಕೆಲಸವೆಂದು ಕಲಾಚರಿತ್ರೆಕಾರರು ಗುರುತಿಸುತ್ತಾರೆ. ಅಂಗೈ ಮೀರಿದ ದೊಡ್ಡ ಎಲೆಗಳು, ಚಿನ್ನದ ರೇಕಿನ ಹಿನ್ನೆಲೆ, ಅದರ ಮೇಲೆ ಕೊರೆದ ನಯವಾದ ವಿನ್ಯಾಸ. 74 ಎಲೆಗಳು ಉಳಿದಿವೆ: 35 ನ್ಯೂಯಾರ್ಕಿನ ಮಾರ್ಗನ್ ಗ್ರಂಥಾಲಯದಲ್ಲಿ, 26 ಬೆರ್ಗಮೊದ ಕರಾರಾ ಅಕಾಡೆಮಿಯಲ್ಲಿ, 13 ಕೊಲ್ಲೆಯೋನಿ ಕುಟುಂಬದ ಬಳಿ. ಸಿಗದವುಗಳಲ್ಲಿ ಸೈತಾನ ಮತ್ತು ಗೋಪುರದ ಎಲೆಗಳೂ ಸೇರಿವೆ.

ಚಿತ್ರಗಳ ಕ್ರಮಕ್ಕೂ ಆ ಕಾಲದ ಓದುಗನಿಗೆ ಟಿಪ್ಪಣಿ ಬೇಕಿರಲಿಲ್ಲ. ಪೆಟ್ರಾರ್ಕನ ‘ತ್ರಿಯೊಂಫಿ’ ಕಾವ್ಯದಲ್ಲಿ ಪ್ರೇಮವನ್ನು ಶೀಲ ಗೆಲ್ಲುತ್ತದೆ, ಶೀಲವನ್ನು ಸಾವು, ಸಾವನ್ನು ಕೀರ್ತಿ, ಕೀರ್ತಿಯನ್ನು ಕಾಲ, ಕಾಲವನ್ನು ಅನಂತತೆ. ಹಬ್ಬದ ಮೆರವಣಿಗೆಗಳಲ್ಲಿ ಇಂಥ ವಿಜಯರಥಗಳು ಬೀದಿಯಲ್ಲೇ ಸಾಗುತ್ತಿದ್ದವು. ತುರುಪಿನ ತರ್ಕವೂ ಅದೇ: ಚಕ್ರವರ್ತಿಯನ್ನು ಪೋಪ್ ಹೊಡೆಯುತ್ತಾನೆ, ಪೋಪನನ್ನು ಪ್ರೇಮ, ಅವರೆಲ್ಲರನ್ನೂ ಸಾವು, ಸಾವಿನಾಚೆಗೆ ನಕ್ಷತ್ರ, ಚಂದ್ರ, ಸೂರ್ಯ, ಕೊನೆಯ ತೀರ್ಪು. ಆಟವಾಡುತ್ತಲೇ ಒಂದು ಇಡೀ ಲೋಕದೃಷ್ಟಿಯನ್ನು ಕೈಯಲ್ಲಿ ಹಿಡಿದಿರುವ ಈ ಕಲ್ಪನೆ ಯಾವ ಗುಪ್ತವಿದ್ಯೆಗಿಂತಲೂ ದೊಡ್ಡದೆಂದು ನನಗನ್ನಿಸುತ್ತದೆ.

22 ಎಂಬ ಸಂಖ್ಯೆಗೆ ಮಹತ್ವ ಕೊಡುವವರಿದ್ದಾರೆ. ಹೀಬ್ರೂ ಅಕ್ಷರಗಳು 22, ಚಿತ್ರದೆಲೆಗಳೂ 22, ಆದ್ದರಿಂದ ಟ್ಯಾರೋ ಯಹೂದಿ ಅನುಭಾವ ಪರಂಪರೆಯಾದ ಕಬ್ಬಾಲದ ಕೀಲಿಕೈ ಎಂಬ ವಾದವನ್ನು 1850ರ ದಶಕದಲ್ಲಿ ಬೆಳೆಸಿದವನು ಫ್ರಾನ್ಸಿನ ಗುಪ್ತವಿದ್ಯೆಯ ಲೇಖಕ ಎಲಿಫಾಸ್ ಲೆವಿ. ಆದರೆ ಫ್ಲಾರೆನ್ಸಿನವರು ಆಡಿದ ಮಿನ್ಕಿಯಾತೆ ಕಟ್ಟಿನಲ್ಲಿ ಒಟ್ಟು 97 ಎಲೆ, ಅದರಲ್ಲಿ ತುರುಪೇ 40, ಜೊತೆಗೊಬ್ಬ ಮರುಳ. ತುರುಪುಗಳ ಕ್ರಮವೂ ಊರಿಂದ ಊರಿಗೆ ಬೇರೆ. ಶಾಸ್ತ್ರವಾಗಿದ್ದರೆ ಇಷ್ಟು ಸಲೀಸಾಗಿ ಬದಲಾಗುತ್ತಿರಲಿಲ್ಲ. ಆಟವನ್ನಾದರೆ ಊರಿನವರು ತಮಗೆ ಬೇಕಾದಂತೆ ಒಗ್ಗಿಸಿಕೊಳ್ಳುತ್ತಾರೆ. ಇದನ್ನೆಲ್ಲ ದಾಖಲೆ ಸಮೇತ ಬಿಡಿಸಿಟ್ಟವರು ಆಕ್ಸ್‌ಫರ್ಡಿನ ತತ್ವಶಾಸ್ತ್ರಜ್ಞ ಮೈಕೆಲ್ ಡಮ್ಮೆಟ್. ತರ್ಕ ಮತ್ತು ಭಾಷೆಯ ಮೇಲೆ ಗಂಭೀರ ಕೆಲಸ ಮಾಡಿದ ಅವರು 1980ರಲ್ಲಿ ಟ್ಯಾರೋ ಆಟದ ಬಗ್ಗೆಯೇ ಒಂದು ಬೃಹತ್ ಗ್ರಂಥ ಪ್ರಕಟಿಸಿದರು.

ದೇವರ, ಧರ್ಮದ ಚಿತ್ರಗಳಿರುವ ಎಲೆಗಳು ಆಟದ್ದಾಗಿರಲು ಹೇಗೆ ಸಾಧ್ಯ ಎಂದು ಕೇಳುವವರು ಮೈಸೂರಿನ ಗಂಜೀಫವನ್ನು ನೆನೆಯಬೇಕು. ದಶಾವತಾರ ಗಂಜೀಫದ 120 ಎಲೆಗಳಲ್ಲಿ ಮತ್ಸ್ಯ, ಕೂರ್ಮ, ನರಸಿಂಹರೇ ರಂಗುಗಳು. ಮುಮ್ಮಡಿ ಕೃಷ್ಣರಾಜ ಒಡೆಯರ ‘ಶ್ರೀತತ್ತ್ವನಿಧಿ’ಯ ಕೌತುಕನಿಧಿ ಭಾಗದಲ್ಲಿ ದೇವತೆಗಳ ಚಿತ್ರವಿರುವ ಎಷ್ಟೋ ಬಗೆಯ ಎಲೆಯಾಟಗಳ ವಿವರವಿದೆ. ಅವು ಆಡಲೆಂದೇ ಬರೆಸಿದವು.

ಚರ್ಚು, ಸಾವು ಮತ್ತು ಕಣಿ

ಚರ್ಚು ಟ್ಯಾರೋವನ್ನು ಮಾಟವೆಂದು ನಿಷೇಧಿಸಿತ್ತು ಎಂಬುದಕ್ಕೆ ಆಧಾರವಿಲ್ಲ. 15ನೇ ಶತಮಾನದ ಉಪದೇಶಕನೊಬ್ಬ ಪೋಪ್ ಮತ್ತು ದೇವತೆಗಳ ಚಿತ್ರವನ್ನು ಜೂಜಿನಲ್ಲಿ ಬಳಸಿದ್ದಕ್ಕೆ ಸಿಡಿಮಿಡಿಗೊಂಡಿದ್ದಾನೆ. ಕಣಿಯ ಮಾತನ್ನು ಅವನೂ ಎತ್ತುವುದಿಲ್ಲ. ಜೂಜಿಗೆ ನಿಷೇಧ ಹಾಕಿದ ಹಲವು ಇಟಾಲಿಯನ್ ಊರುಗಳು ತ್ರಿಯೊಂಫಿಗೆ ವಿನಾಯಿತಿಯನ್ನೇ ಕೊಟ್ಟಿವೆ.

ಕಣಿ ಶುರುವಾದದ್ದು 18ನೇ ಶತಮಾನದಲ್ಲಿ. ಬೊಲೊನ್ಯದಲ್ಲಿ ಸಿಕ್ಕ 1750ರ ಆಸುಪಾಸಿನ ಹಾಳೆಯೊಂದರಲ್ಲಿ ಕೆಲವು ಎಲೆಗಳ ಮುಂದೆ ಅರ್ಥ ಬರೆದಿದೆ. ಅದನ್ನು ವೃತ್ತಿ ಮಾಡಿಕೊಂಡವನು ಪ್ಯಾರಿಸ್ಸಿನ ಜಾನ್-ಬಾಪ್ತಿಸ್ತ್ ಆಲಿಯೆತ್. ತನ್ನ ಹೆಸರನ್ನು ತಿರುಗಿಸಿ ‘ಎತ್ತೆಯ್ಯಾ’ ಎಂದು ಕರೆದುಕೊಂಡ. ಮೊದಲು ಮಾಮೂಲಿ ಇಸ್ಪೀಟಿನಲ್ಲಿ ಭವಿಷ್ಯ ಹೇಳುತ್ತಿದ್ದವನು ಜೆಬೆಲಾನನ ಪ್ರಬಂಧ ಬಂದ ನಾಲ್ಕು ವರ್ಷಕ್ಕೆ, 1785ರಲ್ಲಿ, ಟ್ಯಾರೋ ಮೇಲೆ ಪುಸ್ತಕ ತಂದ. ಕಣಿಗೆಂದೇ ಎಲೆಗಳನ್ನೂ ಮಾಡಿಸಿದ. ಮಾಮೂಲಿ ಇಸ್ಪೀಟಿನ ಕಣಿಯೂ ಉಳಿದುಕೊಂಡಿತು. ಬಿಜೆಯ ‘ಕಾರ್ಮೆನ್’ ಗೀತನಾಟಕದಲ್ಲಿ ನಾಯಕಿ ಸಾವನ್ನು ಕಾಣುವುದು ಟ್ಯಾರೋದಲ್ಲಿ ಎಂದು ಅನೇಕರು ಭಾವಿಸುತ್ತಾರೆ. ಅವಳ ಕೈಯಲ್ಲಿರುವುದು ಡೈಮಂಡ್, ಸ್ಪೇಡುಗಳಿರುವ ಸಾಧಾರಣ ಕಟ್ಟು.

ಸಾವಿನ ಎಲೆ ಬಂದರೆ ಸಾವು ಎಂದು ಸಿನಿಮಾಗಳು ಹೆದರಿಸುತ್ತವೆ. ಆಟದಲ್ಲಿ ಅದು ಹದಿಮೂರನೆಯ ತುರುಪು. ಕಣಿ ಹೇಳುವವರೂ ಅದಕ್ಕೆ ಸಾಮಾನ್ಯವಾಗಿ ಬದಲಾವಣೆ ಎಂಬ ಅರ್ಥವನ್ನೇ ಹಚ್ಚುತ್ತಾರೆ.

ಹೆಸರಿಲ್ಲದ ಚಿತ್ರಕಾರ್ತಿ

ಇಂದು ಜಗತ್ತಿನ ತುಂಬ ಕಾಣುವ ಟ್ಯಾರೋ ಚಿತ್ರಗಳನ್ನು ಪ್ರಾಚೀನವೆಂದು ನಂಬಿದವರು ಎಲೆಯ ಮೂಲೆಯನ್ನು ಗಮನಿಸಿ ನೋಡಲಿ. ಸುರುಳಿಯಾದ ಪುಟ್ಟ ಸಹಿಯೊಂದಿದೆ. ಅದು ಪಮೇಲಾ ಕೋಲ್‌ಮನ್ ಸ್ಮಿತ್ ಅವರದು. ಹುಟ್ಟಿದ್ದು 1878ರಲ್ಲಿ ಲಂಡನ್ನಿನಲ್ಲಿ, ಬಾಲ್ಯದ ಕೆಲವು ವರ್ಷ ಜಮೈಕಾದಲ್ಲಿ, ಕಲಾಭ್ಯಾಸ ಬ್ರೂಕ್ಲಿನ್ನಿನಲ್ಲಿ. 1909ರಲ್ಲಿ ಗುಪ್ತವಿದ್ಯೆಯ ಲೇಖಕ ಎ. ಇ. ವೇಟ್ ಅವರ ಸೂಚನೆಯಂತೆ ಲಂಡನ್ನಿನ ರೈಡರ್ ಪ್ರಕಾಶನಕ್ಕಾಗಿ ಇಡೀ ಕಟ್ಟನ್ನು ಬರೆದರು. ಅದಕ್ಕೂ ಮೊದಲು ಬಹುತೇಕ ಕಟ್ಟುಗಳಲ್ಲಿ ಸಂಖ್ಯೆಯ ಎಲೆಗಳೆಂದರೆ ಬರೀ ಐದು ಬಟ್ಟಲು, ಏಳು ಕತ್ತಿ, ಅಷ್ಟೆ. ಸ್ಮಿತ್ ಪ್ರತಿ ಎಲೆಗೂ ಒಂದು ದೃಶ್ಯ ಕೊಟ್ಟರು. ದೊಡ್ಡ ಅಪವಾದ 1491ರ ಸೋಲಾ ಬುಸ್ಕಾ ಕಟ್ಟು, ಈಗ ಮಿಲಾನಿನ ಬ್ರೆರಾದಲ್ಲಿದೆ. ಅದರ ಛಾಯಾಚಿತ್ರಗಳು ಬ್ರಿಟಿಷ್ ಮ್ಯೂಸಿಯಮ್ಮಿಗೆ ಆಗಷ್ಟೇ ಬಂದಿದ್ದವು. ಹೃದಯವನ್ನು ಇರಿದ ಮೂರು ಕತ್ತಿಗಳ ಎಲೆಯನ್ನು ಪಕ್ಕಪಕ್ಕ ಇಟ್ಟರೆ ಸ್ಮಿತ್ ಅದನ್ನು ಕಂಡಿದ್ದರೆಂಬುದರಲ್ಲಿ ಸಂಶಯ ಉಳಿಯದು.

ಆ ಕೆಲಸಕ್ಕೆ ಸಿಕ್ಕ ಹಣ ಬಹಳ ಕಡಿಮೆ ಎಂದು ಆಕೆ ಅದೇ ವರ್ಷ ಛಾಯಾಗ್ರಾಹಕ ಆಲ್‌ಫ್ರೆಡ್ ಸ್ಟೀಗ್ಲಿಟ್ಸ್‌ಗೆ ಕಾಗದ ಬರೆದಿದ್ದಾರೆ. 1951ರಲ್ಲಿ ಕಾರ್ನ್‌ವಾಲಿನಲ್ಲಿ ಬಡತನದಲ್ಲೇ ತೀರಿಕೊಂಡರು. ಕಟ್ಟು ಪ್ರಸಿದ್ಧವಾದದ್ದು ಪ್ರಕಾಶಕ ರೈಡರ್ ಮತ್ತು ವೇಟ್ ಇವರಿಬ್ಬರ ಹೆಸರಲ್ಲಿ. ಈಚೆಗೆ ಸ್ಮಿತ್ ಹೆಸರನ್ನೂ ಸೇರಿಸಿ ಹೇಳುವ ರೂಢಿ ಬರುತ್ತಿದೆ, ಬರಬೇಕು ಕೂಡ.

ಕವಿಯೂ ಕಥೆಗಾರನೂ

ನಮ್ಮ ನವ್ಯ ಕವಿಗಳು ಗಮನವಿಟ್ಟು ಓದಿದ ಎಲಿಯಟ್ಟನ ‘ದಿ ವೇಸ್ಟ್ ಲ್ಯಾಂಡ್’ (1922) ಕಾವ್ಯದಲ್ಲಿ ಮದಾಮ್ ಸೊಸೋಸ್ಟ್ರಿಸ್ ಟ್ಯಾರೋ ಹಾಕುವುದರಿಂದ ಕವಿ ಅದರ ಪಂಡಿತನಾಗಿದ್ದನೆಂದು ನಂಬಿದವರಿದ್ದಾರೆ. ಕಟ್ಟಿನ ಸರಿಯಾದ ರಚನೆ ತನಗೆ ತಿಳಿಯದೆಂದೂ ತನ್ನ ಅನುಕೂಲಕ್ಕೆ ತಕ್ಕಂತೆ ಬದಲಿಸಿಕೊಂಡೆನೆಂದೂ ಆತನೇ ಟಿಪ್ಪಣಿಯಲ್ಲಿ ಹೇಳಿದ್ದಾನೆ. ಮುಳುಗಿದ ಫಿನೀಶಿಯನ್ ನಾವಿಕನ ಎಲೆ ಯಾವ ಟ್ಯಾರೋದಲ್ಲೂ ಇಲ್ಲ. ಇಟಾಲೊ ಕಲ್ವಿನೊ ಹಾದಿ ಬೇರೆ. ಮೊದಲು ಬೆಂಬೊನ ಎಲೆಗಳನ್ನು, ನಂತರ ಮಾರ್ಸೇಲ್ ಮಾದರಿಯ ಎಲೆಗಳನ್ನು ಸಾಲಾಗಿ ಹರಡಿ, ಮಾತು ಕಳೆದುಕೊಂಡ ಪ್ರಯಾಣಿಕರು ಎಲೆಗಳನ್ನಿಟ್ಟೇ ತಮ್ಮ ಕಥೆ ಹೇಳುವಂತೆ ಒಂದು ಕಾದಂಬರಿ ಕಟ್ಟಿದ. ಅದು 1973ರಲ್ಲಿ ಪೂರ್ಣರೂಪದಲ್ಲಿ ಬಂತು. ಒಬ್ಬನ ಕಥೆಯ ಎಲೆ ಇನ್ನೊಬ್ಬನ ಕಥೆಯಲ್ಲಿ ಬೇರೊಂದಾಗುತ್ತದೆ. ಟಸ್ಕನಿಯ ಕಪಾಲ್ಬಿಯೊದ ತೋಟವೊಂದರಲ್ಲಿ ಶಿಲ್ಪಿ ನಿಕಿ ದ ಸೇಂಟ್ ಫಾಲ್ ಇದೇ 22 ಚಿತ್ರಗಳನ್ನು ಕನ್ನಡಿ ಚೂರು, ಬಣ್ಣದ ಬಿಲ್ಲೆಗಳ ಮನೆಯೆತ್ತರದ ಶಿಲ್ಪಗಳಾಗಿ ಎಬ್ಬಿಸಿದರು. ಕಟ್ಟುವಾಗ ‘ಸಾಮ್ರಾಜ್ಞಿ’ಯ ಹೊಟ್ಟೆಯೊಳಗೇ ವಾಸವಿದ್ದರು. ತೋಟ 1998ರಲ್ಲಿ ಜನರಿಗೆ ತೆರೆಯಿತು.

ಆಟ ಸತ್ತುಹೋಗಿದೆ ಎನ್ನುವುದು ಕೊನೆಯ ತಪ್ಪು. ಸಿಗ್ಮಂಡ್ ಫ್ರಾಯ್ಡ್ ಶನಿವಾರದ ಸಂಜೆ ಗೆಳೆಯರೊಂದಿಗೆ ಕೂರುತ್ತಿದ್ದದ್ದು ತಾರೋಕ್ ಆಡಲು. ಆಸ್ಟ್ರಿಯಾದಲ್ಲಿ, ಹಂಗೆರಿಯಲ್ಲಿ, ಬೊಲೊನ್ಯದಲ್ಲಿ, ಸಿಸಿಲಿಯಲ್ಲಿ ಈಗಲೂ ಆಡುತ್ತಾರೆ. ಫ್ರಾನ್ಸಿನಲ್ಲಿ 1973ರಿಂದ ಟ್ಯಾರೋ ಆಟಗಾರರ ಒಕ್ಕೂಟವೇ ಇದ್ದು ಪಂದ್ಯಾವಳಿ ನಡೆಸುತ್ತದೆ. ಅಲ್ಲಿನ ತುರುಪುಗಳ ಮೇಲೆ ಸೈತಾನನೂ ಇಲ್ಲ, ಗೋಪುರವೂ ಇಲ್ಲ. ನಿತ್ಯಜೀವನದ ದೃಶ್ಯಗಳು ಮತ್ತು ದಪ್ಪ ಅಂಕಿಗಳಿವೆ. ಇಪ್ಪತ್ತೊಂದು ಕೈಗೆ ಬಂದವನು ಸಂತೋಷಪಡುವುದು ಅದನ್ನು ಯಾವ ಎಲೆಯೂ ಹೊಡೆಯಲಾರದು ಎಂಬ ಕಾರಣಕ್ಕೆ.