ದೂರದ ಡಾಕ್ಟರು, ಹತ್ತಿರದ ಮಾತು

ವೈದ್ಯರೆಂದರೆ ನಾಡಿ ಹಿಡಿಯುವವರು ಎಂಬುದು ನಮ್ಮ ಹಿರಿಯರ ತಿಳಿವಳಿಕೆ. ನಾಡಿಯನ್ನೇ ಮುಟ್ಟದ ವೈದ್ಯರಿಂದ ರೋಗಿಗೆ ಸಮಾಧಾನ ಸಿಕ್ಕೀತೇ?

ಇದೇನೂ ನಿನ್ನೆ ಮೊನ್ನೆಯ ಸಂಗತಿಯಲ್ಲ. 2000ರ ದಶಕದ ಆರಂಭದಲ್ಲೇ ಇಸ್ರೋ ಸಂಸ್ಥೆ ಚಾಮರಾಜನಗರದ ಜಿಲ್ಲಾ ಆಸ್ಪತ್ರೆಯನ್ನು ಉಪಗ್ರಹದ ಮೂಲಕ ಬೆಂಗಳೂರಿನ ನಾರಾಯಣ ಹೃದಯಾಲಯಕ್ಕೆ ಜೋಡಿಸಿತು. ಎದೆನೋವೆಂದು ಬಂದವರ ಇ.ಸಿ.ಜಿ. ಬೆಂಗಳೂರಿಗೆ ಹೋಗುತ್ತಿತ್ತು, ರೋಗಿ ಇದ್ದಲ್ಲೇ ಇರುತ್ತಿದ್ದ. ಆಮೇಲೆ ಬಂದದ್ದು ಕೇಂದ್ರ ಸರ್ಕಾರದ ಇ-ಸಂಜೀವನಿ. ಅದನ್ನು ಕಟ್ಟಿದ್ದು ಸಿ-ಡ್ಯಾಕ್ ಸಂಸ್ಥೆಯ ಮೊಹಾಲಿ ಕೇಂದ್ರ. ಆ ಸಂಸ್ಥೆಯ ಮುಖ್ಯ ಕಚೇರಿ ಇರುವುದು ನಮ್ಮ ಪುಣೆಯಲ್ಲೇ! 2020ರ ಏಪ್ರಿಲ್‌ನಲ್ಲಿ, ಕೊರೋನಾದಿಂದ ಊರೆಲ್ಲ ಬಾಗಿಲು ಹಾಕಿದ್ದಾಗ, ಮನೆಯಿಂದಲೇ ಡಾಕ್ಟರನ್ನು ಕಾಣುವ ಅನುಕೂಲವೂ ಅದರಲ್ಲಿ ಸೇರಿತು. ಕಾಸು ಕೊಡಬೇಕಿಲ್ಲ.

ರೋಗಿಗೆ ತೃಪ್ತಿ ಏಕಾಗುತ್ತದೆ? ಬಸ್ಸಿನ ಖರ್ಚು ಉಳಿಯಿತು, ದಿನದ ಕೂಲಿ ತಪ್ಪಲಿಲ್ಲ, ಸಾಲಿನಲ್ಲಿ ನಿಲ್ಲಲಿಲ್ಲ. ಆದರೆ ತೃಪ್ತಿ ಬೇರೆ, ಗುಣ ಬೇರೆ. "ಹೇಗಿತ್ತು?" ಎಂದು ಕೇಳಿದರೆ ನಮ್ಮ ಜನ "ಚೆನ್ನಾಗಿತ್ತು ಬಿಡಿ" ಅಂತಾರೆ; ಡಾಕ್ಟರನ್ನು ದೂರುವುದು ಮರ್ಯಾದೆಯಲ್ಲವೆಂಬ ಸಂಕೋಚ. ಇನ್ನು ಫೋನೇ ಇಲ್ಲದವರನ್ನು, ಅರ್ಧದಲ್ಲೇ ಲೈನು ಕಡಿದುಹೋದವರನ್ನು ಕೇಳುವವರಾರು?

ಇಲ್ಲೇ ಭಾಷೆಯ ವಿದ್ಯಾರ್ಥಿಗಳಾದ ನಮ್ಮ ಪಾಲಿನ ಪ್ರಶ್ನೆ ಬರುವುದು. ಎದುರಿಗಿದ್ದರೆ "ಇಲ್ಲಿ" ಎಂದು ಬೆರಳಿಟ್ಟು ತೋರಿಸಬಹುದು. ಫೋನಿನಲ್ಲಿ ಬೆರಳಿನ ಕೆಲಸವನ್ನೂ ಮಾತೇ ಮಾಡಬೇಕು. ಕನ್ನಡದಲ್ಲಿ ನೋವಿಗೆ ಎಷ್ಟು ಮಾತುಗಳಿವೆ ನೋಡಿ: ಚಳುಕು, ಸೆಳೆತ, ಉರಿ, ಜೋಮು, ಚುಚ್ಚಿದಂತೆ, ಹಿಂಡಿದಂತೆ. ಒಂದೊಂದೂ ಡಾಕ್ಟರಿಗೆ ಒಂದೊಂದು ಸುಳಿವು. ಪುಣೆಗೆ ಮಗನ ಮನೆಗೆ ಬಂದ ಅಜ್ಜಿ "ಎದೆ ಹಿಂಡಿದ ಹಾಗೆ ಆಗ್ತದೆ" ಅಂದದ್ದನ್ನು ಮೊಮ್ಮಗ ಮರಾಠಿಯಲ್ಲಿ ಬರೀ "ದುಖತಂಯ್" ಎಂದುಬಿಟ್ಟರೆ? ಹೃದಯದ ಸುಳಿವೇ ದಾರಿಯಲ್ಲಿ ಬಿದ್ದುಹೋಯಿತು. ಅಜ್ಜಿಗೆ ಮಾತ್ರ ಡಾಕ್ಟರು ಮಾತಾಡಿಸಿದರೆಂಬ ತೃಪ್ತಿ! ಅಂಥ ನೋವಿಗೆ ಫೋನು ಸಾಲದು, ಆಸ್ಪತ್ರೆಗೇ ಓಡಬೇಕು.

2020ರ ಮಾರ್ಚ್ 25ರಂದು ಬಂದ ಸರ್ಕಾರಿ ಮಾರ್ಗಸೂಚಿ ಒಂದು ಒಳ್ಳೆಯ ಮಾತು ಹೇಳಿದೆ: ರೋಗಿಯಾಗಲಿ ವೈದ್ಯರಾಗಲಿ, ಯಾವ ಘಟ್ಟದಲ್ಲಾದರೂ ದೂರದ ಮಾತು ನಿಲ್ಲಿಸಿ ಮುಖಾಮುಖಿ ಭೇಟಿ ಬೇಕೆನ್ನಬಹುದು. ಇದು ನಮ್ಮ ಎಷ್ಟು ಮನೆಗಳಿಗೆ ಗೊತ್ತು?

ಆದ್ದರಿಂದ ಗೆಳೆಯರೇ, ಮನೆಯ ಹಿರಿಯರಿಗಾಗಿ ನೀವು ಫೋನು ಹಿಡಿದಾಗ ಅವರ ಮಾತನ್ನು ಮೊಟಕು ಮಾಡಬೇಡಿ. ಡಾಕ್ಟರು ಹೇಳಿದ್ದನ್ನು ಕನ್ನಡದಲ್ಲಿ ಹೇಳಿ, ಅವರ ಬಾಯಿಂದಲೇ ಇನ್ನೊಮ್ಮೆ ಹೇಳಿಸಿ. ಅವರು ತಪ್ಪಿಲ್ಲದೆ ಹೇಳಿದರೆ, ಆ ತೃಪ್ತಿಯನ್ನು ನಂಬಬಹುದು.